ಮಕ್ಕಳ ಜೊತೆ ಮನೆಯಲ್ಲೇ ವಿಜ್ಞಾನ ಪ್ರಯೋಗ: ನೀವು ಮಾಡಿ ನೋಡಿದ್ದನ್ನು ಹೇಳಿ

ಕೇಳಿದವರು:

ಮಗಳಿಗೆ ಒಂಬತ್ತು ವರ್ಷ, ಮಗನಿಗೆ ಐದು. ರಜೆ ಶುರುವಾಗಿದೆ. ಎಲ್ಲರೂ ಮಾಡುವ ಹಾಗೆ ನಾವೂ ಅಡುಗೆ ಸೋಡಾಕ್ಕೆ ವಿನೆಗರ್ ಸುರಿದು ಜ್ವಾಲಾಮುಖಿ ಮಾಡಿದೆವು. ಉಕ್ಕಿತು, ಇಬ್ಬರೂ ಕುಣಿದರು, ಅಲ್ಲಿಗೆ ಮುಗಿಯಿತು. ಕೂಡಲೇ "ಇನ್ನೊಂದು ತೋರಿಸು" ಅಂತ ಹಟ. ನನಗೆ ಬೇಕಿರುವುದು ನಾನು ತೋರಿಸುವಂಥದ್ದಲ್ಲ, ಅವರೇ ಕೂತು ತಲೆ ಓಡಿಸುವಂಥದ್ದು. ಕಿಟ್ ಕೊಳ್ಳುವ ಮನಸ್ಸಿಲ್ಲ, ಮನೆಯಲ್ಲಿರುವ ಸಾಮಾನಿನಲ್ಲೇ ಆಗಬೇಕು. ಇನ್ನೊಂದು ಕಷ್ಟ ಏನೆಂದರೆ, ನಾನು ಓದಿದ್ದು ಕಾಮರ್ಸ್. "ಯಾಕೆ ಹೀಗಾಯಿತು" ಅಂತ ಮಗಳು ಕೇಳಿದರೆ ಏನು ಹೇಳಬೇಕೋ ತೋಚುವುದಿಲ್ಲ. ನಿಮ್ಮ ಮಕ್ಕಳ ಜೊತೆ ಯಾವುದು ಚೆನ್ನಾಗಿ ಆಯಿತು, ಯಾವುದು ಠುಸ್ ಆಯಿತು, ಎರಡನ್ನೂ ಹೇಳಿ.

ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವರು:

ಜ್ವಾಲಾಮುಖಿಯನ್ನು ಇಷ್ಟು ಬೇಗ ಬಿಡಬೇಡಿ. ಅದರಲ್ಲಿ ಇನ್ನೂ ಬೇಕಾದಷ್ಟು ಕೆಲಸ ಇದೆ. ಬಾಟಲಿಯಲ್ಲಿ ವಿನೆಗರ್, ಬಲೂನಿನೊಳಗೆ ಸೋಡಾ. ಬಲೂನಿನ ಬಾಯನ್ನು ಬಾಟಲಿಯ ಬಾಯಿಗೆ ಸಿಕ್ಕಿಸಿ ಮೇಲಕ್ಕೆತ್ತಿದರೆ ಸೋಡಾ ಕೆಳಗೆ ಬಿದ್ದು ಬಲೂನು ಊದಿಕೊಳ್ಳುತ್ತದೆ. ಇಲ್ಲಿಯವರೆಗೂ ಬರೀ ಆಟ. ಈಗ ಮಗಳನ್ನು ಕೇಳಿ: ಬಲೂನು ಇನ್ನೂ ದೊಡ್ಡದಾಗಬೇಕಾದರೆ ಯಾವುದನ್ನು ಜಾಸ್ತಿ ಹಾಕಬೇಕು, ಸೋಡಾನೋ ವಿನೆಗರೋ? ಒಂದು ಟೀ ಚಮಚ ಸೋಡಾ ಸುಮಾರು 5 ಗ್ರಾಂ ಇರುತ್ತದೆ. 5% ವಿನೆಗರ್ ಆದರೆ 70 ಮಿ.ಲೀ. ಆಸುಪಾಸಿನಲ್ಲಿ ಆ ಸೋಡಾ ಪೂರ್ತಿ ಖರ್ಚಾಗಿಬಿಡುತ್ತದೆ. ಆಮೇಲೆ ಇನ್ನೆಷ್ಟು ವಿನೆಗರ್ ಹಾಕಿದರೂ ಬಲೂನು ಬೆಳೆಯುವುದಿಲ್ಲ. ಇದನ್ನು ನೀವು ಹೇಳಬೇಡಿ. ಸೋಡಾ ಅಷ್ಟೇ ಇಟ್ಟು, ವಿನೆಗರನ್ನು 20, 40, 60, 80, 100 ಅಂತ ಏರಿಸುತ್ತಾ ಹೋಗಲಿ, ಪ್ರತಿ ಸಲ ಬಲೂನಿನ ಸುತ್ತಳತೆಯನ್ನು ದಾರದಲ್ಲಿ ಅಳೆದು ಬರೆಯಲಿ. ಒಂದು ಕಡೆ ಬಂದು ಅಂಕಿ ನಿಂತುಬಿಡುತ್ತದೆ. ಅದನ್ನು ಕಂಡಾಗ ಅವಳೇ ಬಂದು "ಯಾಕೆ" ಅಂತ ಕೇಳುತ್ತಾಳೆ. ಜೊತೆಗೆ ಬಾಟಲಿಯನ್ನು ಮುಟ್ಟಿ ನೋಡಲು ಹೇಳಿ, ತಣ್ಣಗಾಗಿರುತ್ತದೆ. ಎಲ್ಲ ರಾಸಾಯನಿಕ ಕ್ರಿಯೆಯಲ್ಲೂ ಬಿಸಿ ಹುಟ್ಟುವುದಿಲ್ಲ, ಇದು ಸುತ್ತಲಿನ ಬಿಸಿಯನ್ನೇ ಎಳೆದುಕೊಳ್ಳುವ ಕ್ರಿಯೆ.

ಎರಡನೆಯದು ಮೇಣದ ಬತ್ತಿ. ತಟ್ಟೆಯಲ್ಲಿ ನೀರು, ಮಧ್ಯೆ ಉರಿಯುವ ಬತ್ತಿ, ಮೇಲೆ ಗಾಜಿನ ಲೋಟ ಬೋರಲು. ಬತ್ತಿ ಆರುತ್ತದೆ, ನೀರು ಲೋಟದೊಳಗೆ ಏರುತ್ತದೆ. ಇದಕ್ಕೆ ಬಹಳ ಕಡೆ ಒಂದು ತಪ್ಪು ವಿವರಣೆ ಓಡಾಡುತ್ತಿದೆ. ಗಾಳಿಯಲ್ಲಿ ಆಮ್ಲಜನಕ 21% ಇದೆ, ಬತ್ತಿ ಅದನ್ನು ಸುಟ್ಟು ಮುಗಿಸಿತು, ಅಷ್ಟು ಜಾಗಕ್ಕೆ ನೀರು ಬಂತು, ನೋಡಿ ಸರಿಯಾಗಿ ಐದನೇ ಒಂದು ಭಾಗ ಏರಿದೆ ಅಂತ. ಕೇಳಲು ಚೆಂದ. ಆದರೆ ಬತ್ತಿ ಆಮ್ಲಜನಕವನ್ನು ಪೂರ್ತಿ ಮುಗಿಸುವುದೇ ಇಲ್ಲ. 16% ಹತ್ತಿರ ಇಳಿಯುವಷ್ಟರಲ್ಲೇ ಆರಿಹೋಗುತ್ತದೆ. ಖರ್ಚಾದ ಆಮ್ಲಜನಕದ ಜಾಗದಲ್ಲಿ ಇಂಗಾಲದ ಡೈಆಕ್ಸೈಡ್ ಬೇರೆ ಬಂದು ಕೂತಿರುತ್ತದೆ. ಮುಖ್ಯ ಕಾರಣ ಬಿಸಿ. ಲೋಟ ಮುಚ್ಚುವಾಗ ಒಳಗೆ ಸಿಕ್ಕಿಕೊಳ್ಳುವುದು ಕಾದು ಹಿಗ್ಗಿದ ಗಾಳಿ. ಬತ್ತಿ ಆರಿದ ಮೇಲೆ ಅದು ತಣ್ಣಗಾಗಿ ಕುಗ್ಗುತ್ತದೆ, ಹೊರಗಿನ ಗಾಳಿಯ ಒತ್ತಡ ನೀರನ್ನು ಒಳಗೆ ತಳ್ಳುತ್ತದೆ.

ಇದನ್ನು ಮಕ್ಕಳೇ ಪತ್ತೆ ಮಾಡಬಹುದು, ನನಗೆ ಈ ಪ್ರಯೋಗ ಇಷ್ಟವಾಗುವುದೇ ಅದಕ್ಕೆ. ಮೊದಲು, ನೀರು ಯಾವಾಗ ಏರುತ್ತದೆ ಅಂತ ಗಮನಿಸಲಿ. ಬತ್ತಿ ಉರಿಯುವಾಗ ನಿಧಾನ, ಆರಿದ ತಕ್ಷಣ ಸರಸರ. ಆಮ್ಲಜನಕದ ಕಥೆ ನಿಜವಾಗಿದ್ದರೆ ಉರಿಯುತ್ತಿರುವಾಗಲೇ ಏರಬೇಕಿತ್ತು ಅಲ್ವಾ? ಆಮೇಲೆ ಅದೇ ಲೋಟದ ಕೆಳಗೆ ಒಂದರ ಬದಲು ಮೂರು ಬತ್ತಿ ಇಡಿ. ಲೋಟದೊಳಗಿನ ಆಮ್ಲಜನಕ ಮೊದಲಿನಷ್ಟೇ, ಆದರೂ ನೀರು ಮೊದಲಿಗಿಂತ ಎತ್ತರಕ್ಕೆ ಏರುತ್ತದೆ. ಒಂಬತ್ತು ವರ್ಷದ ಹುಡುಗಿಗೆ "ಅಚ್ಚಾದ ವಿವರಣೆಯೂ ತಪ್ಪಿರಬಹುದು, ಅದನ್ನು ನಾನೇ ಪರೀಕ್ಷಿಸಬಹುದು" ಅಂತ ಗೊತ್ತಾಗುವುದು ಸಣ್ಣ ಸಂಗತಿಯಲ್ಲ. ಕಾಮರ್ಸ್ ಓದಿದ್ದು ಇಲ್ಲಿ ಅಡ್ಡ ಬರುವುದಿಲ್ಲ. ಉತ್ತರ ಗೊತ್ತಿಲ್ಲದ ದೊಡ್ಡವರು ಪಕ್ಕದಲ್ಲಿದ್ದರೆ ಒಳ್ಳೆಯದೇ, ಸುಮ್ನೆ ಬಾಯಿಪಾಠ ಒಪ್ಪಿಸುವುದು ತಪ್ಪುತ್ತದೆ.

ಎರಡು ಗಂಡುಮಕ್ಕಳ ಅಮ್ಮ:

ಮೇಷ್ಟ್ರೇ, ನಿಮ್ಮದು ಒಂಬತ್ತು ವರ್ಷದವಳಿಗೆ ಸರಿ. ಐದು ವರ್ಷದವನ ಮುಂದೆ "ಒಂದನ್ನೇ ಬದಲಾಯಿಸು, ಬರೆದುಕೋ" ಅಂದರೆ ಎದ್ದು ಓಡಿಹೋಗುತ್ತಾನೆ. ನನ್ನ ಚಿಕ್ಕವನು ಜ್ವಾಲಾಮುಖಿಯನ್ನೇ ಮತ್ತೆ ಮತ್ತೆ ಮಾಡಿಸುತ್ತಿದ್ದ. ನನಗೇನೂ ಬೇಜಾರಿಲ್ಲ. ಆ ವಯಸ್ಸಿಗೆ ಮಾಡಿದ್ದನ್ನೇ ಮಾಡುವುದೂ ಕಲಿಕೆಯೇ.

ಅವನ ವಯಸ್ಸಿಗೆ ಹಿಡಿಸಿದವು ಹೇಳುತ್ತೇನೆ. ಅಗಲ ತಟ್ಟೆಯಲ್ಲಿ ನೀರು, ಮೇಲೆ ಕಾಳುಮೆಣಸಿನ ಪುಡಿ. ಬೆರಳ ತುದಿಗೆ ಪಾತ್ರೆ ತೊಳೆಯುವ ಸೋಪು ಹಚ್ಚಿ ಮಧ್ಯಕ್ಕೆ ಮುಟ್ಟಿಸಿದರೆ ಪುಡಿಯೆಲ್ಲ ಅಂಚಿಗೆ ಓಡುತ್ತದೆ. ಸೋಪಿಲ್ಲದ ಬೆರಳಲ್ಲಿ ಮೊದಲು ಮುಟ್ಟಿಸಿ, ಏನೂ ಆಗುವುದಿಲ್ಲ. ಆಮೇಲೆ ಸೋಪಿನ ಬೆರಳು. ಈ ಕ್ರಮ ಮುಖ್ಯ, ಇಲ್ಲದಿದ್ದರೆ ತನ್ನ ಬೆರಳಲ್ಲೇ ಏನೋ ಶಕ್ತಿ ಇದೆ ಅಂದುಕೊಳ್ಳುತ್ತಾನೆ. ಎರಡನೇ ಸಲ ಅದೇ ನೀರಿನಲ್ಲಿ ಆಗುವುದಿಲ್ಲ, ತಟ್ಟೆ ತೊಳೆದು ಹೊಸ ನೀರು ಹಾಕಲೇಬೇಕು. ನೀರಿನ ಮೇಲ್ಮೈ ಎಲ್ಲ ಕಡೆಯಿಂದಲೂ ತನ್ನನ್ನು ತಾನೇ ಎಳೆದುಕೊಂಡು ಬಿಗಿಯಾಗಿರುತ್ತದೆ, ಸೋಪು ಬಿದ್ದ ಕಡೆ ಆ ಎಳೆತ ಸಡಿಲವಾಗುತ್ತದೆ, ಉಳಿದ ಕಡೆಯ ಎಳೆತ ಗೆದ್ದು ಪುಡಿಯನ್ನು ಅತ್ತ ಎಳೆಯುತ್ತದೆ. ಅವನಿಗೆ ಇಷ್ಟನ್ನೂ ನಾನು ಹೇಳಿಲ್ಲ. "ನೀರಿನ ಮೇಲೆ ತೆಳುವಾದ ಚರ್ಮ ಇದ್ದ ಹಾಗೆ" ಅಂದೆ, ಸಾಕಾಯಿತು.

ದೊಡ್ಡವನಿಗೆ ಆಗ್ನೆಸ್ ಪೊಕೆಲ್ಸ್ ಬಗ್ಗೆ ಹೇಳಿದ್ದೆ. ಜರ್ಮನಿಯ ಹೆಂಗಸು, 1862ರಲ್ಲಿ ಹುಟ್ಟಿದವರು. ಆಗ ಅಲ್ಲಿ ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲು ತೆರೆದಿರಲಿಲ್ಲ. ಮನೆಗೆಲಸ ಮಾಡುತ್ತಾ, ಅಡುಗೆಮನೆಯಲ್ಲೇ ನೀರಿನ ಮೇಲ್ಮೈಯನ್ನು ಎಣ್ಣೆ, ಸೋಪು ಹೇಗೆ ಬದಲಾಯಿಸುತ್ತವೆ ಅಂತ ವರ್ಷಗಟ್ಟಲೆ ಅಳೆದರು. ಅದಕ್ಕೆ ಬೇಕಾದ ಸಲಕರಣೆಯನ್ನೂ ತಾವೇ ಮಾಡಿಕೊಂಡರು. 1891ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಲಾರ್ಡ್ ರೇಲಿಗೆ ಕಾಗದ ಬರೆದರು. ಅವರು ಅದನ್ನು 'ನೇಚರ್' ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಪಾತ್ರೆ ತೊಳೆಯುವ ನೀರಿನ ವಿಷಯಕ್ಕೆ ಇಷ್ಟು ಗೌರವ ಸಿಕ್ಕಿದೆ ಅಂತ ನನಗೇ ಖುಷಿ.

ಇನ್ನೊಂದು ಮೂರು ಬೋಗುಣಿ. ಒಂದರಲ್ಲಿ ಬೆಚ್ಚಗಿನ ನೀರು, ಒಂದರಲ್ಲಿ ಐಸ್ ಹಾಕಿದ ನೀರು, ನಡುವಿನದರಲ್ಲಿ ಸಾಮಾನ್ಯ ನೀರು. ಎಡಗೈ ಬೆಚ್ಚಗಿನದರಲ್ಲಿ, ಬಲಗೈ ತಣ್ಣಗಿನದರಲ್ಲಿ ಒಂದು ನಿಮಿಷ ಇಟ್ಟು, ಎರಡನ್ನೂ ಒಟ್ಟಿಗೆ ನಡುವಿನ ಬೋಗುಣಿಗೆ ಹಾಕಬೇಕು. ಒಂದೇ ನೀರು ಒಂದು ಕೈಗೆ ತಣ್ಣಗೆ, ಇನ್ನೊಂದು ಕೈಗೆ ಬೆಚ್ಚಗೆ. ಐದು ವರ್ಷದವರು ಇದಕ್ಕೆ ಕಿರುಚುತ್ತಾರೆ, ನಿಜವಾಗಿ. ಆಮೇಲೆ "ಹಾಗಾದರೆ ಬಿಸಿ ಎಷ್ಟಿದೆ ಅಂತ ಸರಿಯಾಗಿ ತಿಳಿಯಲು ಏನು ಮಾಡಬೇಕು" ಅಂತ ಕೇಳಿದರೆ ಥರ್ಮಾಮೀಟರ್ ಯಾಕೆ ಬೇಕು ಅನ್ನುವುದು ಅವರ ಬಾಯಿಂದಲೇ ಬರುತ್ತದೆ.

ಅಳತೆ ಹುಚ್ಚಿನ ಅಪ್ಪ (ಕೆಲಸ ಎಂಜಿನಿಯರಿಂಗ್):

ಮಗಳಿಗೆ ಲೋಲಕ ಕೊಡಿ. ದಾರ, ಅದರ ತುದಿಗೆ ಯಾವುದಾದರೂ ಭಾರ, ಒಂದು ಗಡಿಯಾರ. ಅಷ್ಟೇ. ಮೊದಲು ಊಹೆ ಕೇಳಿ: ಭಾರ ಜಾಸ್ತಿ ಮಾಡಿದರೆ ಬೇಗ ತೂಗುತ್ತದೋ, ನಿಧಾನವೋ? ಜೋರಾಗಿ ಎಳೆದು ಬಿಟ್ಟರೆ? ದಾರ ಉದ್ದ ಮಾಡಿದರೆ? ನಾನು ಕೇಳಿದವರಲ್ಲಿ ದೊಡ್ಡವರೂ ಮೊದಲ ಪ್ರಶ್ನೆಗೆ "ಭಾರ ಇದ್ದರೆ ಬೇಗ" ಅಂತ ಧೈರ್ಯವಾಗಿ ಹೇಳುತ್ತಾರೆ. ಭಾರಕ್ಕೂ ಅದಕ್ಕೂ ಸಂಬಂಧ ಇಲ್ಲ, ದಾರದ ಉದ್ದವೇ ಎಲ್ಲ. ಸ್ವಲ್ಪವೇ ಎಳೆದು ಬಿಡುವವರೆಗೆ ಎಷ್ಟು ಎಳೆದಿರಿ ಅನ್ನುವುದೂ ಲೆಕ್ಕಕ್ಕೆ ಬರುವುದಿಲ್ಲ.

ಒಂದು ಸಲ ಹೋಗಿ ಬರುವುದನ್ನು ಅಳೆಯಬೇಡಿ, ಕೈ ತಪ್ಪುತ್ತದೆ. ಹತ್ತು ಸಲ ಹೋಗಿ ಬರುವ ಸಮಯ ಅಳೆದು ಹತ್ತರಿಂದ ಭಾಗಿಸಿ. ಕಟ್ಟಿದ ಜಾಗದಿಂದ ಭಾರದ ನಡುವಿನವರೆಗೆ 1 ಮೀಟರ್ ಇದ್ದರೆ ಹತ್ತಕ್ಕೆ ಸುಮಾರು 20 ಸೆಕೆಂಡ್ ಬರುತ್ತದೆ. ಈಗ ಮಜಾ ಇರುವುದು ಇಲ್ಲಿ: ಸಮಯ ಅರ್ಧ ಆಗಬೇಕಾದರೆ ದಾರ ಎಷ್ಟಿರಬೇಕು? ಎಲ್ಲರೂ ಅರ್ಧ ಮೀಟರ್ ಅನ್ನುತ್ತಾರೆ. ಕಟ್ಟಿ ನೋಡಿದರೆ 14 ಸೆಕೆಂಡ್ ಬರುತ್ತದೆ, 10 ಅಲ್ಲ. 10 ಬರಬೇಕಾದರೆ 25 ಸೆಂ.ಮೀ.ಗೆ ಇಳಿಸಬೇಕು. ವರ್ಗಮೂಲ ಅನ್ನುವ ಮಾತೇ ಎತ್ತಬೇಡಿ. ನಾಲ್ಕರಲ್ಲಿ ಒಂದು ಭಾಗ ಮಾಡಿದರೆ ಸಮಯ ಅರ್ಧ ಅನ್ನುವುದು ಕಣ್ಣಿಗೆ ಬಿದ್ದರೆ ಸಾಕು. ಇದೇ ಹುಡುಗಿ ಮುಂದೆ ಶಾಲೆಯಲ್ಲಿ ಆ ಸೂತ್ರ ನೋಡಿದಾಗ ಹೆದರುವುದಿಲ್ಲ.

ಬೀಳುವುದರ ಬಗ್ಗೆಯೂ ಒಂದು ಇದೆ. ಒಂದು ಕೈಯಲ್ಲಿ ಪುಸ್ತಕ, ಇನ್ನೊಂದರಲ್ಲಿ ಹಾಳೆ. ಒಟ್ಟಿಗೆ ಬಿಟ್ಟರೆ ಪುಸ್ತಕ ಮೊದಲು. ಹಾಳೆಯನ್ನು ಉಂಡೆ ಮಾಡಿ ಬಿಟ್ಟರೆ ಹೆಚ್ಚುಕಡಿಮೆ ಒಟ್ಟಿಗೆ. ಇನ್ನೊಂದು ಹಾಳೆಯನ್ನು ಪುಸ್ತಕಕ್ಕಿಂತ ಚಿಕ್ಕದಾಗಿ ಕತ್ತರಿಸಿ ಪುಸ್ತಕದ ಮೇಲೇ ಇಟ್ಟು ಬಿಡಿ, ಎರಡೂ ಜೊತೆಯಾಗಿ ನೆಲ ಮುಟ್ಟುತ್ತವೆ. ತಡೆಯುತ್ತಿದ್ದುದು ಗಾಳಿ. 1971ರಲ್ಲಿ ಅಪೋಲೋ 15ರ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ನಿಂತು ಸುತ್ತಿಗೆ ಮತ್ತು ಗಿಡುಗದ ಗರಿಯನ್ನು ಒಟ್ಟಿಗೆ ಬಿಟ್ಟ ವಿಡಿಯೋ ಇದೆ, ಇಷ್ಟು ಮಾಡಿದ ಮೇಲೆ ಅದನ್ನು ತೋರಿಸಿ. ಮೊದಲೇ ತೋರಿಸಿದರೆ ಮಜಾ ಹೋಗುತ್ತದೆ.

ಕೇಳಿದವರು:

ಓದುತ್ತಾ ನನಗೇ ಆಸೆ ಆಗುತ್ತಿದೆ. ಒಂದು ಸಂಶಯ. ಊಹೆ ಕೇಳಿದರೆ ಮಗಳು ಹೇಳುವುದೇ ಇಲ್ಲ. ತಪ್ಪಾದರೆ ಏನು ಅನ್ನುವ ಭಯ. "ನೀನೇ ಹೇಳಮ್ಮ" ಅನ್ನುತ್ತಾಳೆ.

ಎರಡು ಗಂಡುಮಕ್ಕಳ ಅಮ್ಮ:

ನೀವೂ ಊಹೆ ಮಾಡಿ, ಜೋರಾಗಿ ಹೇಳಿ, ತಪ್ಪಾಗಲಿ. ನಟನೆ ಬೇಡ, ಮಕ್ಕಳಿಗೆ ಗೊತ್ತಾಗಿಬಿಡುತ್ತದೆ. ನಿಮಗೂ ನಿಜವಾಗಿ ಗೊತ್ತಿಲ್ಲದ ಪ್ರಯೋಗವನ್ನೇ ಆರಿಸಿಕೊಳ್ಳಿ.

ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವರು:

ಹಾಗಾದರೆ ಇದನ್ನು ಮಾಡಿ, ಮನೆಮಂದಿಯೆಲ್ಲ ತಪ್ಪು ಹೇಳುವ ಸಂಭವ ಇದೆ. ಎರಡು ಲೋಟ, ಎರಡರಲ್ಲೂ ಅಷ್ಟೇ ನೀರು, ಅದೇ ಬಿಸಿ. ಒಂದರಲ್ಲಿ ಮೂರು ನಾಲ್ಕು ಚಮಚ ಉಪ್ಪು ಕರಗಿಸಿ, ಸ್ವಲ್ಪ ಹೊತ್ತು ಬಿಟ್ಟು ಎರಡೂ ಕೋಣೆಯ ಬಿಸಿಗೆ ಬರಲಿ. ಒಂದೇ ಅಳತೆಯ ಐಸ್ ತುಂಡನ್ನು ಎರಡಕ್ಕೂ ಹಾಕಿ. ಯಾವುದರಲ್ಲಿ ಮೊದಲು ಕರಗುತ್ತದೆ? ಉಪ್ಪು ಐಸನ್ನು ಕರಗಿಸುತ್ತದೆ ಅಂತ ಕೇಳಿದವರೆಲ್ಲ ಉಪ್ಪುನೀರು ಅನ್ನುತ್ತಾರೆ. ಆಗುವುದು ಉಲ್ಟಾ. ಸಿಹಿನೀರಿನಲ್ಲೇ ಐಸ್ ಬೇಗ ಕರಗುತ್ತದೆ, ಉಪ್ಪುನೀರಿನದು ಬಹಳ ಹೊತ್ತು ಉಳಿಯುತ್ತದೆ.

ಕಾರಣವನ್ನು ಹೇಳಬೇಡಿ, ಬಣ್ಣ ಹಾಕಿ ಮಾಡಿದ ಐಸ್ ತುಂಡಿನಲ್ಲಿ ಮತ್ತೊಮ್ಮೆ ಮಾಡಿ. ಸಿಹಿನೀರಿನಲ್ಲಿ ಕರಗಿದ ಬಣ್ಣದ ತಣ್ಣೀರು ಎಳೆಎಳೆಯಾಗಿ ತಳಕ್ಕೆ ಇಳಿಯುವುದು ಕಾಣುತ್ತದೆ. ಅದರ ಜಾಗಕ್ಕೆ ಬೆಚ್ಚಗಿನ ನೀರು ಬಂದು ಐಸನ್ನು ಮುಟ್ಟುತ್ತಲೇ ಇರುತ್ತದೆ. ಉಪ್ಪುನೀರು ಭಾರ, ಕರಗಿದ ಸಿಹಿನೀರು ಅದರಲ್ಲಿ ಮುಳುಗಲಾರದೆ ಮೇಲೇ ಪದರವಾಗಿ ನಿಂತುಬಿಡುತ್ತದೆ, ಐಸ್ ತನ್ನದೇ ತಣ್ಣೀರಿನಲ್ಲಿ ಕೂತಿರುತ್ತದೆ. ಚಮಚದಲ್ಲಿ ಕಲಕಿಬಿಟ್ಟರೆ ಈ ವ್ಯತ್ಯಾಸ ಹೋಗುತ್ತದೆ. ಆದ್ದರಿಂದ ಲೋಟ ಮುಟ್ಟದಂತೆ ಚಿಕ್ಕವನನ್ನು ಹಿಡಿದುಕೊಳ್ಳಿ.

ಮೊಮ್ಮಕ್ಕಳ ಜೊತೆ ಇರುವ ತಾತ:

ಇಲ್ಲಿ ಬಂದ ಪ್ರಯೋಗಗಳೆಲ್ಲ ಒಂದು ಗಂಟೆಯೊಳಗೆ ಮುಗಿಯುವಂಥವು. ನಿಧಾನದವನ್ನೂ ಜೊತೆಗೆ ಇಟ್ಟುಕೊಳ್ಳಿ. ಬೆಳಿಗ್ಗೆ ಎದ್ದ ತಕ್ಷಣ ಓಡಿಹೋಗಿ ನೋಡುವ ಏನಾದರೂ ಒಂದು ಮನೆಯಲ್ಲಿ ಇರಬೇಕು.

ಮೊಟ್ಟೆ ಇದಕ್ಕೆ ಬಹಳ ಒಳ್ಳೆಯದು. ಹಸಿ ಮೊಟ್ಟೆಯನ್ನು ವಿನೆಗರಿನಲ್ಲಿ ಮುಳುಗಿಸಿ ಇಡಿ. ಕೂಡಲೇ ಗುಳ್ಳೆ ಏಳುತ್ತದೆ. ಚಿಪ್ಪು ಕ್ಯಾಲ್ಸಿಯಂ ಕಾರ್ಬೊನೇಟ್, ಆಮ್ಲದಲ್ಲಿ ಕರಗುತ್ತದೆ. ಒಂದೆರಡು ದಿನದಲ್ಲಿ ಚಿಪ್ಪು ಪೂರ್ತಿ ಹೋಗಿ, ಒಳಗಿನ ತೆಳು ಪೊರೆಯಲ್ಲೇ ಮೊಟ್ಟೆ ನಿಂತಿರುತ್ತದೆ. ಬೆಳಕಿಗೆ ಹಿಡಿದರೆ ಒಳಗಿನ ಹಳದಿ ಓಡಾಡುವುದು ಕಾಣುತ್ತದೆ. ಎಲ್ಲರೂ ಇಲ್ಲಿಗೆ ನಿಲ್ಲಿಸುತ್ತಾರೆ. ನಿಲ್ಲಿಸಬೇಡಿ. ಅದನ್ನು ಗಟ್ಟಿ ಸಕ್ಕರೆ ಪಾಕದಲ್ಲಿ ಒಂದು ದಿನ ಇಡಿ, ಸೊರಗಿ ಜೋಲುಬಿದ್ದಿರುತ್ತದೆ. ತೆಗೆದು ಬರೀ ನೀರಿನಲ್ಲಿ ಇಡಿ, ಮತ್ತೆ ತುಂಬಿಕೊಂಡು ಉಬ್ಬುತ್ತದೆ. ಪೊರೆ ನೀರನ್ನು ಮಾತ್ರ ಬಿಡುತ್ತದೆ, ಸಕ್ಕರೆಯನ್ನು ಬಿಡುವುದಿಲ್ಲ. ಹೊರಗೆ ಸಕ್ಕರೆ ಜಾಸ್ತಿ ಇದ್ದರೆ ನೀರು ಒಳಗಿನಿಂದ ಹೊರಗೆ ಹೋಗುತ್ತದೆ. ಮನೆಯಲ್ಲಿ ತೂಕದ ಯಂತ್ರ ಇದ್ದರೆ ದಿನಾ ತೂಗಿ ಬರೆಯಲಿ. ಒಣದ್ರಾಕ್ಷಿಯನ್ನು ನೀರಿಗೆ ಹಾಕಿದರೆ ಉಬ್ಬುವುದೂ ಇದೇ ಕಾರಣಕ್ಕೆ ಅಂತ ಮೊಮ್ಮಗಳೇ ಹೇಳಿದಳು, ನಾನು ಹೇಳಿಕೊಟ್ಟಿದ್ದಲ್ಲ.

ಬೀಜ ಮೊಳೆಸುವುದು ಎಲ್ಲರಿಗೂ ಗೊತ್ತಿರುವುದೇ. ಅದಕ್ಕೆ ಒಂದೇ ಒಂದು ಸೇರಿಸಿ. ಗಾಜಿನ ಲೋಟದ ಗೋಡೆಗೂ ಒದ್ದೆ ಹತ್ತಿಗೂ ನಡುವೆ ಹುರುಳಿಕಾಯಿ ಬೀಜ ಇಟ್ಟು, ಬೇರು ಎರಡು ಬೆರಳಷ್ಟು ಬಂದ ಮೇಲೆ ಲೋಟವನ್ನು ಅಡ್ಡ ಮಲಗಿಸಿ. ಎರಡು ಮೂರು ದಿನದಲ್ಲಿ ಬೇರು ಬಾಗಿ ಮತ್ತೆ ಕೆಳಗೆ ತಿರುಗಿರುತ್ತದೆ, ಮೊಳಕೆ ಮೇಲಕ್ಕೆ. ಕತ್ತಲೆ ಡಬ್ಬದಲ್ಲಿಟ್ಟು ಮಾಡಿದರೂ ಬೇರು ಕೆಳಗೇ ಹೋಗುತ್ತದೆ. ಅಂದರೆ ಅದು ಬೆಳಕು ನೋಡಿ ದಿಕ್ಕು ತಿಳಿಯುತ್ತಿಲ್ಲ, ಭೂಮಿಯ ಎಳೆತ ಅದಕ್ಕೆ ಗೊತ್ತಾಗುತ್ತದೆ.

ಅಂಗಳದಲ್ಲೋ ಮಹಡಿ ಮೇಲೋ ಒಂದು ಕೋಲು ನೆಟ್ಟಗೆ ನಿಲ್ಲಿಸಿ, ಗಂಟೆಗೊಮ್ಮೆ ನೆರಳಿನ ತುದಿಗೆ ಗುರುತು ಹಾಕಿಸಿ. ನೆರಳು ಅತಿ ಚಿಕ್ಕದಾಗುವುದು ಸರಿಯಾಗಿ 12 ಗಂಟೆಗೇ ಅಂತ ಏನೂ ಇಲ್ಲ. ಯಾಕೆ ಅಂತ ಯೋಚಿಸಲು ಬಿಡಿ. ಗಡಿಯಾರದ ಸಮಯ ಇಡೀ ಪ್ರದೇಶಕ್ಕೆ ಒಂದೇ, ಸೂರ್ಯ ಮಾತ್ರ ಪ್ರತಿ ಜಾಗಕ್ಕೂ ಬೇರೆ ಹೊತ್ತಿಗೆ ನೆತ್ತಿಯ ಕಡೆ ಬರುತ್ತಾನೆ.

ಇತ್ತೀಚೆಗಷ್ಟೇ ಶುರು ಮಾಡಿದ ಅಪ್ಪ:

ಠುಸ್ ಆದದ್ದು ಯಾರೂ ಹೇಳುತ್ತಿಲ್ಲ, ನಾನು ಹೇಳುತ್ತೇನೆ. ಬಾಚಣಿಗೆಯನ್ನು ಕೂದಲಿಗೆ ಉಜ್ಜಿ ಕಾಗದದ ಚೂರು ಎತ್ತುವುದು. ಮಳೆ ಹಿಡಿದ ದಿನ ಮಾಡಿಸಿದೆ, ಒಂದು ಚೂರೂ ಏಳಲಿಲ್ಲ. ಗಾಳಿಯಲ್ಲಿ ತೇವ ಇದ್ದರೆ ವಿದ್ಯುದಂಶ ನಿಲ್ಲುವುದೇ ಇಲ್ಲ, ಸೋರಿಹೋಗುತ್ತದೆ. ಒಣ ಹವೆಯಲ್ಲಿ, ಎಣ್ಣೆ ಹಚ್ಚದ ಒಣ ಕೂದಲಿನಲ್ಲಿ ಮಾಡಬೇಕು. ಚೆನ್ನಾಗಿ ಬಂದಾಗ ನಲ್ಲಿಯಿಂದ ಸಣ್ಣಗೆ ಬೀಳುವ ನೀರಿನ ಹತ್ತಿರ ಬಾಚಣಿಗೆ ಹಿಡಿಯಿರಿ, ಧಾರೆ ಬಾಗುತ್ತದೆ.

ಉಪ್ಪಿನ ಹರಳೂ ಕೈಕೊಟ್ಟಿತು. ಬಿಸಿನೀರಿನಲ್ಲಿ ಉಪ್ಪು ಕರಗಿಸಿ ತಣ್ಣಗಾಗಲು ಬಿಟ್ಟರೆ ದೊಡ್ಡ ಹರಳು ಬರುತ್ತದೆ ಅಂತ ಒಂದು ವಿಡಿಯೋದಲ್ಲಿತ್ತು. ಬರಲಿಲ್ಲ.

ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವರು:

ಬರುವುದಿಲ್ಲ. ಉಪ್ಪು 100 ಮಿ.ಲೀ. ನೀರಿಗೆ ಸುಮಾರು 36 ಗ್ರಾಂ ಕರಗುತ್ತದೆ, ನೀರು ಬಿಸಿಯಾದರೂ ಅದು ಹೆಚ್ಚೇನೂ ಏರುವುದಿಲ್ಲ. ಆದ್ದರಿಂದ ತಣ್ಣಗಾದರೆ ಹೊರಗೆ ಬರುವುದೂ ಕಡಿಮೆ. ಉಪ್ಪಿಗೆ ನೀರು ನಿಧಾನವಾಗಿ ಆರಬೇಕು, ಅಗಲ ಬಾಯಿಯ ಪಾತ್ರೆಯಲ್ಲಿ ಅಲ್ಲಾಡಿಸದೆ ವಾರಗಟ್ಟಲೆ ಬಿಡಿ. ಬಂದ ಹರಳನ್ನು ಭೂತಗನ್ನಡಿಯಲ್ಲಿ ನೋಡಿದರೆ ಚೌಕಾಕಾರದ ಮೂಲೆಗಳು ಕಾಣುತ್ತವೆ. ತಣ್ಣಗಾಗಿಸಿ ಹರಳು ಬೆಳೆಸಬೇಕಾದರೆ ಪಟಕ ಒಳ್ಳೆಯದು. ಅದು ಬಿಸಿನೀರಿನಲ್ಲಿ ತಣ್ಣೀರಿಗಿಂತ ಎಷ್ಟೋ ಪಟ್ಟು ಜಾಸ್ತಿ ಕರಗುತ್ತದೆ, ತಣ್ಣಗಾದಾಗ ಹೊರಗೆ ಬೀಳುತ್ತದೆ.

ಬಣ್ಣದ ಕೆಲಸ ಇಷ್ಟಪಡುವವರು:

ಹೇಳಿದ್ದನ್ನೇ ಹೇಳುವುದಿಲ್ಲ, ನನ್ನದು ಎರಡೇ. ಕಪ್ಪು ಸ್ಕೆಚ್ ಪೆನ್ನಿನಿಂದ ಟಿಶ್ಯೂ ಕಾಗದದ ಪಟ್ಟಿಯ ಕೆಳಭಾಗದಲ್ಲಿ ಒಂದು ಚುಕ್ಕೆ ಇಡಿ. ಪಟ್ಟಿಯ ತುದಿ ಮಾತ್ರ ನೀರಿಗೆ ತಾಗಬೇಕು, ಚುಕ್ಕೆ ನೀರಿನ ಮೇಲಿರಬೇಕು. ನೀರು ಏರುತ್ತಾ ಕಪ್ಪನ್ನು ನೀಲಿ, ನೇರಳೆ, ಹಳದಿ ಅಂತ ಬಿಡಿಸಿಕೊಂಡು ಹೋಗುತ್ತದೆ. ಬೇರೆ ಬೇರೆ ಕಂಪನಿಯ ಕಪ್ಪು ಪೆನ್ನುಗಳಲ್ಲಿ ಬೇರೆ ಬೇರೆ ಬಣ್ಣ ಸಿಗುತ್ತದೆ. ಆಮೇಲೆ ಪತ್ತೇದಾರಿ ಆಟ ಆಡಿಸಿ: ಒಂದು ಚೀಟಿ ಬರೆದಿಟ್ಟು, ಯಾವ ಪೆನ್ನಿನಿಂದ ಬರೆದದ್ದು ಅಂತ ಕಂಡುಹಿಡಿಯಲಿ. ನೀರಿನಲ್ಲಿ ಅಳಿಸದ ಮಾರ್ಕರ್‌ಗೆ ಇದು ಆಗುವುದಿಲ್ಲ. ರಷ್ಯಾದ ಮಿಖಾಯಿಲ್ ತ್ಸ್ವೆಟ್ 20ನೇ ಶತಮಾನದ ಶುರುವಿನಲ್ಲಿ ಎಲೆಯ ಬಣ್ಣಗಳನ್ನು ಬಿಡಿಸಿದ್ದೂ ಇದೇ ತತ್ವದಲ್ಲಿ, ಅವರು ಬಳಸಿದ್ದು ಕಾಗದವಲ್ಲ, ಸೀಮೆಸುಣ್ಣದ ಪುಡಿ ತುಂಬಿದ ಕೊಳವೆ.

ಎರಡನೆಯದು ಅರಿಸಿನದ ಕಾಗದ. ಅರಿಸಿನ ಕಲಸಿ ಕಾಗದಕ್ಕೆ ಬಳಿದು ಒಣಗಿಸಿ. ಸೋಪಿನ ನೀರು ಬಿದ್ದರೆ ಕೆಂಪು, ನಿಂಬೆರಸ ಬಿದ್ದರೆ ಮತ್ತೆ ಹಳದಿ. ಒಣಗಿದ ಕಾಗದದ ಮೇಲೆ ಸೋಡಾ ನೀರಿನಲ್ಲಿ ಅದ್ದಿದ ಕಡ್ಡಿಯಿಂದ ಚಿತ್ರ ಬರೆಸಿ. ಕೆಂಪು ಎಲೆಕೋಸಿನ ರಸ ಸಿಕ್ಕರೆ ಇನ್ನೂ ಚೆನ್ನ. ಆಮ್ಲಕ್ಕೆ ಕೆಂಪು, ಸುಮ್ನೆ ನೀರಿಗೆ ನೇರಳೆ, ಸೋಡಾಕ್ಕೆ ನೀಲಿ-ಹಸಿರು. ಮಕ್ಕಳು ಮನೆಯಲ್ಲಿರುವ ಎಲ್ಲವನ್ನೂ ತಂದು ಪರೀಕ್ಷೆ ಮಾಡಲು ಶುರು ಮಾಡುತ್ತಾರೆ. ಮೊದಲೇ ಹಳೇ ಬಟ್ಟೆ ಹಾಕಿಸಿ, ಅರಿಸಿನದ ಕಲೆ ಹೋಗುವುದಿಲ್ಲ.

ಆಸ್ಪತ್ರೆಯಲ್ಲಿ ಕೆಲಸ ಮಾಡುವವರು:

"ಮನೆಯಲ್ಲಿರುವ ಎಲ್ಲವನ್ನೂ ತಂದು" ಅನ್ನುವುದನ್ನು ಓದಿ ಬರೆಯಲೇಬೇಕು ಅನ್ನಿಸಿತು. ಬಚ್ಚಲು ತೊಳೆಯುವ ದ್ರವಗಳು ಈ ಆಟಕ್ಕೆ ಬೇಡವೇ ಬೇಡ. ಬ್ಲೀಚ್ ಜೊತೆ ವಿನೆಗರ್ ಅಥವಾ ಟಾಯ್ಲೆಟ್ ತೊಳೆಯುವ ಆಮ್ಲ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ಮುಚ್ಚಿದ ಬಚ್ಚಲಲ್ಲಿ ಅದು ಶ್ವಾಸಕೋಶಕ್ಕೆ ದೊಡ್ಡ ಅಪಾಯ. ಅಮೋನಿಯಾ ಇರುವ ದ್ರವದ ಜೊತೆ ಬ್ಲೀಚ್ ಸೇರಿದರೂ ವಿಷಾನಿಲವೇ. ಸೋಡಾ ವಿನೆಗರ್ ಹಾಕಿದ ಬಾಟಲಿಗೆ ಯಾವತ್ತೂ ಮುಚ್ಚಳ ತಿರುಗಿಸಬೇಡಿ, ಸಿಡಿಯುತ್ತದೆ. ಬಲೂನು ಸಿಕ್ಕಿಸಬಹುದು, ಆದರೆ ಒಡೆದ ಬಲೂನಿನ ಚೂರನ್ನು ಚಿಕ್ಕವನ ಕೈಗೆ ಸಿಗದಂತೆ ಆಗಲೇ ಎತ್ತಿಡಿ, ಗಂಟಲಿಗೆ ಸಿಕ್ಕರೆ ಕಷ್ಟ.

ಬಟನ್ ಸೆಲ್‌ಗಳ ಬಗ್ಗೆ ಬಹಳ ಜನಕ್ಕೆ ಗೊತ್ತಿಲ್ಲ. ಮಗು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ 2 ಗಂಟೆಯೊಳಗೇ ಒಳಗೆ ಸುಟ್ಟ ಗಾಯ ಮಾಡಬಲ್ಲದು. ನುಂಗಿದೆ ಅಂತ ಅನುಮಾನ ಬಂದರೂ ಕಾಯಬೇಡಿ, ನೇರ ಆಸ್ಪತ್ರೆಗೆ. ಪುಟ್ಟ, ಬಲವಾದ ಅಯಸ್ಕಾಂತಗಳೂ ಅಷ್ಟೇ. ಎರಡು ನುಂಗಿದರೆ ಕರುಳಿನ ಗೋಡೆಯನ್ನು ನಡುವೆ ಹಿಡಿದು ಅಂಟಿಕೊಳ್ಳುತ್ತವೆ. ತಂತಿ ಸುತ್ತಿ ವಿದ್ಯುತ್ ಕಾಂತ ಮಾಡುವಾಗ 1.5 ವೋಲ್ಟಿನ ಸಾಮಾನ್ಯ ಸೆಲ್ ಸಾಕು. ತಂತಿ ಬಿಸಿಯಾಗುತ್ತದೆ, ಕೆಲವೇ ಸೆಕೆಂಡ್ ಹಿಡಿದು ಬಿಡಬೇಕು. ಗೋಡೆಯ ಪ್ಲಗ್ಗಿನ ಹತ್ತಿರವೂ ಹೋಗಬಾರದು. ಮೇಣದ ಬತ್ತಿ ಇರುವಾಗ ಉದ್ದ ಕೂದಲು ಕಟ್ಟಿರಬೇಕು, ದೊಡ್ಡವರು ಎದ್ದು ಹೋಗಬಾರದು. ತಾತ ಹೇಳಿದ ಮೊಟ್ಟೆ ಪ್ರಯೋಗ ನನಗೂ ಇಷ್ಟ, ಹಸಿ ಮೊಟ್ಟೆ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಸಿ. ನೆರಳು ಗುರುತಿಸುವಾಗ ಸೂರ್ಯನನ್ನು ನೇರವಾಗಿ ನೋಡಬಾರದು, ಇದನ್ನು ದಿನಾ ಹೇಳಿ.

ಎರಡು ಗಂಡುಮಕ್ಕಳ ಅಮ್ಮ:

ಇದರ ಜೊತೆಗೆ ಇನ್ನೊಂದು ಸಣ್ಣದು, ಅಪಾಯದ್ದಲ್ಲ, ಪ್ಲಂಬರನ್ನು ಕರೆಸದೆ ಉಳಿಯುವುದಕ್ಕೆ. ಕಾರ್ನ್‌ಫ್ಲೋರ್ ಎರಡು ಪಾಲು, ನೀರು ಒಂದು ಪಾಲು ಕಲಸಿದರೆ ಗುದ್ದಿದಾಗ ಗಟ್ಟಿ, ಬಿಟ್ಟರೆ ಹರಿಯುವ ವಿಚಿತ್ರ ಹಿಟ್ಟು ಆಗುತ್ತದೆ. ಚಿಕ್ಕವರು ಇದರಲ್ಲಿ ಬಹಳ ಹೊತ್ತು ಕೈಯಾಡಿಸುತ್ತಾ ಕೂರುತ್ತಾರೆ. ಆದರೆ ಅದನ್ನು ಸಿಂಕಿಗೆ ಸುರಿಯಬೇಡಿ, ಕೊಳವೆಯಲ್ಲಿ ಗಟ್ಟಿಯಾಗಿ ಕೂರುತ್ತದೆ. ಒಣಗಿಸಿ ಕಸದ ಬುಟ್ಟಿಗೆ ಹಾಕಿ.

ಕೇಳಿದವರು:

ಎಲ್ಲರಿಗೂ ಥ್ಯಾಂಕ್ಸ್. ಐಸ್ ಪ್ರಯೋಗ ಮಾಡಿದೆವು, ಮೂವರೂ ಉಪ್ಪುನೀರು ಅಂತ ಹೇಳಿ ಸೋತೆವು. ಲೋಲಕ ಈಗ ಬಾಗಿಲ ಚೌಕಟ್ಟಿನಲ್ಲಿ ನೇತಾಡುತ್ತಿದೆ. ಮಗಳು ಒಂದು ಕೇಳಿದಳು, ನನಗೆ ಗೊತ್ತಾಗಲಿಲ್ಲ. ಭಾರಕ್ಕೂ ತೂಗುವ ವೇಗಕ್ಕೂ ಸಂಬಂಧ ಇಲ್ಲ ಅಂದಿರಿ. ಆದರೆ ಉದ್ದ ಅಷ್ಟೇ ಇಟ್ಟರೂ ಹಗುರವಾದ ಕಾಗದದ ಉಂಡೆ ಬೇಗ ನಿಂತುಬಿಟ್ಟಿತು, ಬೀಗದ ಕೈ ಗೊಂಚಲು ಬಹಳ ಹೊತ್ತು ತೂಗಿತು. ಅದು ಯಾಕೆ?

ಅಳತೆ ಹುಚ್ಚಿನ ಅಪ್ಪ:

ಒಳ್ಳೆಯ ಪ್ರಶ್ನೆ ಹಿಡಿದಿದ್ದಾಳೆ. ಒಂದು ಸಲ ಹೋಗಿ ಬರಲು ಎಷ್ಟು ಹೊತ್ತು ಅನ್ನುವುದು ಬೇರೆ, ಒಟ್ಟು ಎಷ್ಟು ಹೊತ್ತು ತೂಗುತ್ತದೆ ಅನ್ನುವುದು ಬೇರೆ. ಪುಸ್ತಕ, ಹಾಳೆ ಬೀಳಿಸಿದ್ದನ್ನು ನೆನಪು ಮಾಡಿಸಿ, ಅಲ್ಲಿಂದಾಚೆಗೆ ಏನೂ ಹೇಳಬೇಡಿ. ಆಮೇಲೆ ಅದೇ ಬೀಗದ ಕೈ ಗೊಂಚಲಿಗೆ ಅಂಗೈಯಗಲದ ರಟ್ಟನ್ನು ಅಂಟಿಸಿ ತೂಗಿಬಿಡಲಿ. ರಟ್ಟಿನ ಅಗಲ ಭಾಗ ಗಾಳಿಗೆ ಎದುರಾಗಿ ಒಮ್ಮೆ, ಅಂಚು ಎದುರಾಗಿ ಇನ್ನೊಮ್ಮೆ. ಎರಡರಲ್ಲೂ ಎಷ್ಟು ಸಲ ತೂಗಿ ನಿಲ್ಲುತ್ತದೆ ಅಂತ ಎಣಿಸಿ ಇಲ್ಲಿ ಬರೆಯಿರಿ.